ಭಟ್ಟಿ ಗಲ್ಲಿಯಲ್ಲಿ ಎಲ್ಲರೂ ಇದ್ದಾರೆ

ಕೋಲಿಗೆ ಗಾಲಿ ಕಟ್ಟಿಕೊಂಡು ರಸ್ತೆಯ ಮೇಲೆ ಉರುಳಿಸುತ್ತ ಬರುವ ಹೆಂಗಸನ್ನು ಕೌಸಲ್ಯಾಬಾಯಿ ಜನ್ಮದಲ್ಲಿ ನೋಡಿರಲಿಲ್ಲ. ಹೊತ್ತು ನೆತ್ತಿಗೇರಿತ್ತು. ಬೀದರಿನ ಬಿಸಿಲಿಗೆ ಹೆದರಿ ನಾಯಿಗಳು ಕೂಡ ಗೋಡೆಯ ಬುಡದ ಗೇಣು ನೆರಳಿಗೆ ಮೈ ಅಂಟಿಸಿ ಮಲಗಿದ್ದವು. ಅಂಥ ಹೊತ್ತಿನಲ್ಲಿ ಈ ಹೆಂಗಸು ಗಾಂಧಿ ಗಂಜದ ಕಾಳುಪೇಟೆಯ ಕಡೆಯಿಂದ ಭಟ್ಟಿ ಗಲ್ಲಿಯೊಳಗೆ ತಿರುಗಿದಳು. ನಾಲ್ಕು ಹೆಜ್ಜೆ ನಡೆಯುವುದು, ನಿಲ್ಲುವುದು, ಮೊಬೈಲಿನಲ್ಲಿ ಏನೋ ಒತ್ತುವುದು, ಮನೆಗಳ ಕಡೆ ಕತ್ತೆತ್ತಿ ನೋಡುವುದು. ಅದು ಸಾಲದೆಂದು ಫೋಟೊ ಬೇರೆ! ಕೌಸಲ್ಯಾಬಾಯಿ ಸೊಂಟದಲ್ಲಿ ಸಿಕ್ಕಿಸಿದ್ದ ಕೀಲಿಕೈಗಳ ಗೊಂಚಲನ್ನು ಸೀರೆಯ ಮೇಲಿನಿಂದಲೇ ಒತ್ತಿ ಹಿಡಿದಳು.

ಗೊಂಚಲೆಂದರೆ ಸಣ್ಣದಲ್ಲ. ಅದು ಬರ ಬಿದ್ದು ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋದ ವರ್ಷ. ಅದರ ಹಿಂದಿನ ವರ್ಷವೂ ಮಳೆ ಕೈಕೊಟ್ಟಿತ್ತು. ಔರಾದ ಕಡೆಯ ಹಳ್ಳಿಗಳಿಂದ ಯಾವ ಕಾಲದಲ್ಲೋ ಬಂದು ಗಂಜದಲ್ಲಿ ಹಮಾಲಿ ಮಾಡಿಕೊಂಡಿದ್ದ ಜನ ಈ ಗಲ್ಲಿಯವರು. ಹೊಲದಲ್ಲಿ ಕಾಳೇ ಇಲ್ಲದ ಮೇಲೆ ಗಂಜಕ್ಕೆ ಬರುವ ಚೀಲವೆಲ್ಲಿ, ಹೊರುವ ಬೆನ್ನಿಗೆ ಕೆಲಸವೆಲ್ಲಿ? ಗೋರಖನಾಥನ ಮನೆಯವರು ಪುಣೆಗೆ ಹೋದರು. ಬಕ್ಕಪ್ಪ ಇದ್ದಬದ್ದ ಕುರಿ ಮಾರಿ ಹೆಂಡತಿ ಮಕ್ಕಳ ಸಮೇತ ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋದ. ಕೌಸಲ್ಯಾಬಾಯಿಯ ಗಂಡ ಪಂಢರಿಯೂ ಅವನ ಹಿಂದೆಯೇ ಹೋದ. ಹೋಗುವ ದಿನ ಪ್ರತಿ ಮನೆಯ ಹೆಂಗಸೂ ಬಾಗಿಲಿಗೆ ಬೀಗ ಹಾಕಿ, ಕೀಲಿಕೈಗೆ ಕುಂಕುಮ ಹಚ್ಚಿ ಕೌಸಲ್ಯಾಬಾಯಿಯ ಸೆರಗಿಗೆ ಹಾಕಿದಳು. ಎಲ್ಲರದೂ ಒಂದೇ ಮಾತು: "ಮನಿ ಖಾಲಿ ಅದ ಅಂತ ಯಾರಿಗೂ ಗೊತ್ತಾಗಬಾರದು ನೋಡಕ್ಕಾ."

ಗೊತ್ತಾದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಹೋದ ವರ್ಷ ಹಿಂದಿನ ಗಲ್ಲಿಗೆ ಗ್ಯಾಸಿನ ಸರ್ವೆ ಎಂದು ಒಬ್ಬ ಬಂದಿದ್ದ. ಇಸ್ತ್ರಿ ಅಂಗಿ, ಕೊರಳಲ್ಲಿ ಕಾರ್ಡು, ಬಾಯಿ ತುಂಬ ಅಕ್ಕಾರ, ಅಣ್ಣಾರ. ಮನೆಯಲ್ಲಿ ಯಾರ್ಯಾರು ಇದ್ದಾರೆ, ಯಾರು ಎಲ್ಲಿಗೆ ಹೋಗಿದ್ದಾರೆ ಎಂದು ಕೇಳಿಕೊಂಡು ಹೋದ. ಒಂದು ವಾರ ತುಂಬುವುದರೊಳಗೆ ಖಾಲಿ ಮನೆಗಳ ಬೀಗವನ್ನಷ್ಟೇ ಆರಿಸಿ ಆರಿಸಿ ಒಡೆದಿದ್ದರು. ಹಿತ್ತಾಳೆ ಕೊಡ ಹೋಗಲಿ, ಬೀಸುಕಲ್ಲನ್ನೂ ಬಿಟ್ಟಿರಲಿಲ್ಲ.

ಗಾಲಿಯ ಹೆಂಗಸು ಸೀದಾ ಕೌಸಲ್ಯಾಬಾಯಿಯ ಮುಂದೆಯೇ ಬಂದು ನಿಂತಳು. ಮೂವತ್ತೈದರ ಆಸುಪಾಸಿನವಳು, ಮುಖವೆಲ್ಲ ಬೆವರು.

"ನಮಸ್ಕಾರ್ರಿ ಅಕ್ಕಾರ. ನಾನು ಸುಮಿತ್ರಾಬಾಯಿ ಅಂತ. ಈ ಗಲ್ಲ್ಯಾಗ ನಡದಾಡ್ಲಾಕ ನಿಮಗ ಹ್ಯಾಂಗ ಅನಸ್ತದ, ಕೇಳ್ಲಾಕ ಬಂದೀನ್ರಿ."

"ಕಾಲಿಲೇ ನಡಿತೀವ್ರಿ. ಮತ್ತ ಹ್ಯಾಂಗ ನಡೀಬೇಕು?"

ಸುಮಿತ್ರಾಬಾಯಿ ನಕ್ಕಳು. ಆ ನಗುವೂ ಕೌಸಲ್ಯಾಬಾಯಿಗೆ ಸೇರಲಿಲ್ಲ. ಇಸ್ತ್ರಿ ಅಂಗಿಯವನೂ ಹೀಗೇ ನಕ್ಕಿದ್ದನಂತೆ.

"ಹಂಗಲ್ರಿ. ಎಲ್ಲಿ ದೀಪ ಇಲ್ಲ, ಎಲ್ಲಿ ಗಾಡಿ ಮೈಮ್ಯಾಲ ಬರ್ತಾವ, ಎಲ್ಲಿ ನಡಿಲಾಕ ಜಾಗಾನೇ ಇಲ್ಲ, ಅದನ್ನೆಲ್ಲಾ ಗಲ್ಲಿ ಗಲ್ಲಿ ನಡದು, ಈ ಗಾಲಿಲೇ ಅಳದು ನೋಡ್ಲಾಕತ್ತೀವ್ರಿ. ಎಲ್ಲಿ ತ್ರಾಸ ಭಾಳ ಅದ, ಅಲ್ಲಿಗಿ ಮೊದಲ ದೀಪ ಬರ್ತಾವ, ಚರಂಡಿ ಮ್ಯಾಲ ಹಾಸುಗಲ್ಲು ಬೀಳ್ತಾವ."

ಇಲ್ಲಿ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಕೌಸಲ್ಯಾಬಾಯಿಯ ಸಂಕಟ ಯಾರಿಗೂ ತಿಳಿಯುವುದಿಲ್ಲ. ಭಟ್ಟಿ ಗಲ್ಲಿಯ ಮೂಲೆಯ ದೀಪಕ್ಕಾಗಿ ಚಪ್ಪಲಿ ಸವೆಸಿದವಳು ಈಕೆಯೇ. ಗಂಜದ ಲಾರಿ ರಸ್ತೆ ಗಲ್ಲಿಗೆ ಕೂಡುವ ಆ ಮೂಲೆಯಲ್ಲಿ ಕಂಬವಿದೆ, ದೀಪವಿಲ್ಲ. ಒಂದು ಕಡೆ ಬಾಯಿ ತೆರೆದ ಚರಂಡಿ, ಇನ್ನೊಂದು ಕಡೆ ಲಾರಿಗಳು. ನಡುವೆ ಕಾಲಿಡಲು ಒಂದು ಗೇಣು ಜಾಗವಿಲ್ಲ. ದಿನಾ ಕತ್ತಲಾಗುವ ಹೊತ್ತಿಗೆ ಆ ಮೂಲೆಯನ್ನು ದಾಟಿ ಬರುವವಳು ಪಂಢರಿಯ ತಂಗಿ ಜಿಜಾಬಾಯಿ. ಗಂಜದ ದಾಲ್ ಮಿಲ್ಲಿನಲ್ಲಿ ಹೊರಗಿನಿಂದ ಬಂದ ತೊಗರಿ ಹಸನು ಮಾಡುವ ಕೆಲಸ ಅವಳದು. ಇಡೀ ಮನೆ ಆ ಕೂಲಿಯ ಮೇಲೆಯೇ ನಿಂತಿತ್ತು.

ಜಿಜಾಬಾಯಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತು ಬಾರದು. ಕೌಸಲ್ಯಾಬಾಯಿ ಕಮಲನಗರದಿಂದ ಸೊಸೆಯಾಗಿ ಬಂದಾಗ ಈ ನಾದಿನಿ ಏಳು ವರ್ಷದ ಕೂಸು, ಮೂಲೆಯಲ್ಲಿ ಕುಳಿತು ಎಲ್ಲರ ಬಾಯಿ ನೋಡುತ್ತಿತ್ತು. ಅತ್ತಿಗೆ ನಾದಿನಿ ಇಬ್ಬರೇ ಕುಳಿತು ಕೈಸನ್ನೆಯ ಮಾತು ಕಟ್ಟಿಕೊಂಡರು. ಮೂಗು ಮುಟ್ಟಿದರೆ ಮೂಗುತಿಯ ವೈನಿ ಅಂದರೆ ಅತ್ತಿಗೆ, ಎದೆಯ ಮೇಲೆ ಅಂಗೈ ಒತ್ತಿದರೆ ಹಸಿವೆ, ಗಾಳಿಯಲ್ಲಿ ಮುಷ್ಟಿ ತಿರುವಿದರೆ ಬೀಗ, ನಾಲಗೆ ಮುಟ್ಟಿ ಬೆರಳು ಕೊಡವಿದರೆ ಸುಳ್ಳು. ಪಂಢರಿಗೆ ಅದರಲ್ಲಿ ಅರ್ಧ ತಿಳಿಯುತ್ತಿತ್ತು, ಊರಿಗೆ ಏನೂ ತಿಳಿಯುತ್ತಿರಲಿಲ್ಲ. ಜಿಜಾಬಾಯಿ ಲೋಕಕ್ಕೆ ಏನು ಹೇಳಬೇಕಾದರೂ ಕೌಸಲ್ಯಾಬಾಯಿಯ ಬಾಯಿಯಿಂದಲೇ ಹೇಳಬೇಕು.

ಲಾರಿಯ ಹಾರ್ನು ಅವಳಿಗೆ ಕೇಳುವುದಿಲ್ಲ. ಹೋದ ತಿಂಗಳು ಆ ಕತ್ತಲ ಮೂಲೆಯಲ್ಲಿ ಲಾರಿಯೊಂದು ಹೆಗಲಿಗೆ ಸವರಿಕೊಂಡು ಹೋಗಿ, ಈಕೆ ಚರಂಡಿಗೆ ಬಿದ್ದು, ಮೊಣಕಾಲ ಕೆಳಗೆ ಎಲುಬು ಕಾಣುವ ಹಾಗೆ ಸೀಳಿತ್ತು. ಹೊಲಿಗೆ ಹಾಕಿಸಿಕೊಂಡು ಬಂದ ದಿನ ಕೌಸಲ್ಯಾಬಾಯಿ ಗೋಡೆಗೆ ಹಣೆ ಚಚ್ಚಿಕೊಂಡು ಅತ್ತಿದ್ದಳು. ಇನ್ನೊಂದು ಸಲ ಹೀಗಾದರೆ ಹೋಗುವುದು ಕಾಲಲ್ಲ, ಜೀವ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ದೀಪ ಕೊಡುತ್ತೇನೆಂದು ಬಂದವಳ ಕಾಲಿಗೆ ಬೀಳಬೇಕಿತ್ತಲ್ಲ? ಬೀಳುತ್ತಿದ್ದಳೇನೋ. ಆದರೆ ಸುಮಿತ್ರಾಬಾಯಿ ಮುಂದೆ ಕೇಳಿದ್ದನ್ನು ಕೇಳಿ.

"ಯಾ ಹೊತ್ತಿಗಿ ಗಲ್ಲಿ ಖಾಲಿ ಖಾಲಿ ಇರ್ತದ್ರಿ?"

ಕೌಸಲ್ಯಾಬಾಯಿ ಕೀಲಿಕೈಗಳ ಮೇಲೆ ಸೆರಗು ಎಳೆದುಕೊಂಡಳು.

"ಎಷ್ಟು ಮನ್ಯಾಗ ಜನ ಇದ್ದಾರ್ರಿ? ಕತ್ತಲಿ ಎಲ್ಲೆಲ್ಲಿ ಇರ್ತದ? ಅಕಸ್ಮಾತ್ ಯಾರರ ಒದರಿದ್ರ ಕೇಳಿ ಹೊರಗ ಬರೋರು ಇದ್ದಾರೇನ್ರಿ?"

ಅಗ ಬಾಈ! ಹೇಳಿ ಮತ್ತೆ, ಇದನ್ನು ಕಳ್ಳರಲ್ಲದೆ ಇನ್ಯಾರು ಕೇಳುತ್ತಾರೆ? ದೀಪದ ಮಾತೆಲ್ಲ ಬರೀ ಬಣ್ಣ. ಬೇಕಾದದ್ದು ಇದು. ಕೌಸಲ್ಯಾಬಾಯಿ ಸೆರಗು ಸಿಕ್ಕಿಸಿ ಎದ್ದು ನಿಂತಳು.

"ಒದರೋದ್ಯಾಕ್ರಿ ಮೇಡಮ್ಮೋರ, ಜರಾ ಕೆಮ್ಮಿದ್ರ ಸಾಕು, ಮನಿಗೆ ಇಬ್ಬಿಬ್ಬರು ಬಡಿಗಿ ಹಿಡ್ಕೊಂಡು ಬರ್ತಾರ. ಭಟ್ಟಿ ಗಲ್ಲ್ಯಾಗ ಎಲ್ಲಾರೂ ಇದ್ದಾರ."

"ಬೀಗ ಕಾಣ್ಲಾಕತ್ತಾವಲ್ರಿ?"

"ಕೆಲಸಕ್ಕ ಹೋಗ್ಯಾರ. ಸಂಜಿಗಿ ಬರ್ತಾರ."

"ಆ ಮೂಲ್ಯಾಗಿನ ಕಂಬದ ದೀಪ ಹತ್ತತದೇನ್ರಿ?"

"ಹಾಡಹಗಲಾಗ ಯಾಕ ಹತ್ತಬೇಕ್ರಿ? ಸಂಜಿಗಿ ಹತ್ತತದ."

ಆಮೇಲೆ ತಾನೇ ಎದುರು ಪ್ರಶ್ನೆ ಹಾಕಿದಳು. "ನೀವು ಯಾ ಊರಾಕಿರಿ?"

"ಭಾಲ್ಕಿರಿ."

"ಭಾಲ್ಕ್ಯಾಗ ಬಸ್ ಸ್ಟ್ಯಾಂಡದಿಂದ ರೈಲ್ವೆ ಸ್ಟೇಶನ್ನಿಗಿ ಹ್ಯಾಂಗ ಹೋಗ್ತಾರ?"

ಸುಮಿತ್ರಾಬಾಯಿ ಕಣ್ಣು ಅರಳಿಸಿ ಎಲ್ಲವನ್ನೂ ಹೇಳಿದಳು. ಯಾವ ತಿರುವಿನಲ್ಲಿ ಚಹದ ಅಂಗಡಿ, ಎಲ್ಲಿ ರಸ್ತೆ ಇಕ್ಕಟ್ಟಾಗಿ ಶಾಲೆಯ ಹುಡುಗಿಯರು ಒಬ್ಬರ ಹಿಂದೊಬ್ಬರು ನಡೆಯಬೇಕು, ಎಲ್ಲಿ ಎಮ್ಮೆಗಳು ಅಡ್ಡ ಮಲಗುತ್ತವೆ, ಒಂದನ್ನೂ ಬಿಡಲಿಲ್ಲ. ಇಷ್ಟು ಪಾಠ ಒಪ್ಪಿಸುತ್ತಾಳೆಂದರೆ ಕಲಿತುಕೊಂಡೇ ಬಂದಿದ್ದಾಳೆ ಎಂದು ಕೌಸಲ್ಯಾಬಾಯಿ ಮನಸ್ಸಿನಲ್ಲೇ ತೀರ್ಮಾನಿಸಿದಳು. ತಪ್ಪು ಹೇಳಿದ್ದರೆ ಒಂದು ಅನುಮಾನ, ಸರಿ ಹೇಳಿದ್ದಕ್ಕೆ ಎರಡು.

ಹೊಸ್ತಿಲ ಮೇಲೆ ಕಾಲು ಚಾಚಿ ಕುಳಿತಿದ್ದ ಜಿಜಾಬಾಯಿಯ ಕಡೆ ಸುಮಿತ್ರಾಬಾಯಿಯ ಕಣ್ಣು ಹೋಯಿತು. ಕಾಲಿನ ಪಟ್ಟಿಯತ್ತ ಬೆರಳು ಮಾಡಿ, "ಇವರಿಗೇನಾಗ್ಯಾದ್ರಿ?" ಎಂದಳು.

ಮಾತು ಕೇಳದಿದ್ದರೇನು, ಬೆರಳು ಕಂಡಿತಲ್ಲ. ಜಿಜಾಬಾಯಿ ಗೋಡೆ ಹಿಡಿದು ಎದ್ದಳು. ಇಷ್ಟು ದಿನದಲ್ಲಿ ಹೊರಗಿನವರೊಬ್ಬರು ಅವಳನ್ನೇ ನೋಡಿ ಏನೋ ಕೇಳಿದ್ದು ಇದೇ ಮೊದಲು. ಎರಡು ಮುಷ್ಟಿ ಮುಂದೆ ಹಿಡಿದು ತಿರುಗಿಸಿದಳು, ಕೆನ್ನೆ ಉಬ್ಬಿಸಿ ಬುಸ್ ಎಂದು ಗಾಳಿ ಬಿಟ್ಟಳು, ಅದು ಲಾರಿ. ಹೆಗಲಿಗೆ ತಾನೇ ಗುದ್ದಿಕೊಂಡಳು. ಕಣ್ಣುಗಳ ಮೇಲೆ ಅಂಗೈ ಮುಚ್ಚಿದಳು, ಅದು ಕತ್ತಲೆ. ಆಮೇಲೆ ಕೈ ಬೋರಲಾಗಿ ಕೆಳಗೆ ಬಿತ್ತು.

"ಏನಂತಾರ್ರಿ?"

"ಒಲಿ ಮುಂದ ಸುಟ್ಕೊಂಡೀನಿ ಅಂತಾಳ್ರಿ," ಎಂದಳು ಕೌಸಲ್ಯಾಬಾಯಿ.

"ಈ ಮುಷ್ಟಿ?"

"ರೊಟ್ಟಿ ಬಡಿಯೋದು."

"ಕಣ್ಣ ಮುಚ್ಚಿದ್ದು?"

"ಹೊಗಿ, ಮೇಡಮ್ಮೋರ. ಹಸಿ ಕಟ್ಟಿಗಿ, ಭಾಳ ಹೊಗಿ."

ಸುಮಿತ್ರಾಬಾಯಿ ಅಯ್ಯೋ ಎನ್ನುವಂತೆ ತಲೆಯಾಡಿಸಿದಳು. ತನ್ನ ಮಾತು ತಲುಪಿತೆಂದು ತಿಳಿದ ಜಿಜಾಬಾಯಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೈ ಮುಗಿದಳು, ಅತ್ತಿಗೆಯ ಕಡೆ ನೋಡಿ ನಕ್ಕಳು. ಕೌಸಲ್ಯಾಬಾಯಿ ಆ ನಗುವನ್ನು ನೋಡಲಾರದೆ ಕೊಡ ಎತ್ತಿಕೊಂಡು ಒಳಗೆ ಹೋದಳು. ಹೊರಗಿನಿಂದ ಸುಮಿತ್ರಾಬಾಯಿ ಕೂಗಿ ಹೇಳಿದ್ದು ಕೇಳಿಸಿತು. "ನಾಡಿದ್ದು ದೀಪ ಹಚ್ಚೋ ಹೊತ್ತಿಗಿ ಮತ್ತೊಮ್ಮೆ ಬರ್ತೇನ್ರಿ ಅಕ್ಕಾರ. ಬೆಳಕು ಹ್ಯಾಂಗದ ನೋಡಬೇಕು."

ಬಂತು ನೋಡಿ ಗ್ರಹಚಾರ!

ಎದುರು ಮನೆಯ ಶಾಕಿರಾ ಬೇಗಂ ಎಲ್ಲವನ್ನೂ ಪರದೆಯ ಸಂದಿನಿಂದ ನೋಡಿದ್ದಳು. ವಯಸ್ಸಾದ ಹೆಂಗಸು, ಗಲ್ಲಿಯವರಿಗೆಲ್ಲ ಆಪಾ. ಅವಳ ನಾಲಗೆಗೆ ಹೆದರಿ ಭಿಕ್ಷುಕರೂ ಆ ಬಾಗಿಲಿಗೆ ನಿಲ್ಲುತ್ತಿರಲಿಲ್ಲ.

"ತೌಬಾ! ನಾಡಿದ್ದು ಸಂಜಿಗಿ ಬಂದ್ರ ಎಲ್ಲಾ ಬೀಗ ಹಂಗೇ ಜೋತಾಡೋದು ಕಾಣ್ತದಲ್ಲ ಕೌಸಲ್ಯಾ?" ಎಂದಳು.

"ಅದಕ್ಕ ಬೀಗ ಕಾಣಬಾರದು ಆಪಾ. ಮಂದಿ ಕಾಣಬೇಕು."

"ಮಂದಿನ್ನ ಎಲ್ಲಿಂದ ತರ್ತೀ?"

ತಂದೇ ತಂದಳು. ಮರುದಿನದಿಂದ ಭಟ್ಟಿ ಗಲ್ಲಿಯಲ್ಲಿ ನಡೆದ ಸಂಸಾರದ ಆಟವನ್ನು ಏನೆಂದು ಹೇಳುವುದು! ಟ್ಯಾಂಕರು ವಾರಕ್ಕೊಮ್ಮೆ ಬಂದರೆ ಪುಣ್ಯ ಎನ್ನುವ ಕಾಲದಲ್ಲಿ ಕೌಸಲ್ಯಾಬಾಯಿ ಕುಡಿಯುವ ನೀರಿನಲ್ಲಿ ಅರ್ಧ ಕೊಡ ತೆಗೆದು, ಬೀಗ ಬಿದ್ದ ಬಾಗಿಲುಗಳ ಮುಂದೆಲ್ಲ ಚಿಮುಕಿಸಿ ರಂಗೋಲಿ ಎಳೆದಳು. ಹಳೆಯ ಚಪ್ಪಲಿಗಳನ್ನು ಹುಡುಕಿ ಪ್ರತಿ ಹೊಸ್ತಿಲಿಗೆ ಎರಡೆರಡು ಜೊತೆ ಬಿಟ್ಟಳು. ಬಕ್ಕಪ್ಪನ ಬಾಗಿಲಿಗೆ ಎರಡೂ ಎಡಗಾಲಿನವೇ ಸಿಕ್ಕವು, ಇರಲಿ ಎಂದು ಬಿಟ್ಟಳು. ತನ್ನ ಸೀರೆಗಳನ್ನೂ ಆಪಾನ ಓಢಣಿಗಳನ್ನೂ ಗೋಡೆಯಿಂದ ಗೋಡೆಗೆ ಒಣಹಾಕಿದಳು. ಗಲ್ಲಿಯ ತುದಿಯಲ್ಲಿ ಒಬ್ಬನೇ ಉಳಿದಿದ್ದ ಮುದುಕ ಹಮಾಲ ಧೊಂಡಿಬಾನನ್ನು ಸಂಜೆಗೆ ಗೋರಖನಾಥನ ಮನೆಯೊಳಗೆ ಕೂರಿಸಿ, ಕೆಮ್ಮುವ ಕೆಲಸ ಹಚ್ಚಿದಳು.

"ಎಷ್ಟ ಕೆಮ್ಮಬೇಕವಾ?" ಎಂದು ಧೊಂಡಿಬಾ ಕೇಳಿದ.

"ಮನಿ ತುಂಬ ಮಂದಿ ಇದ್ದಂಗ ಕೆಮ್ಮ ಕಾಕಾ."

"ಹಂಗಾದ್ರ ಬೀಡಿ ಬೇಕಾಗ್ತದ."

ಕಡೆಗೆ ಉಳಿದದ್ದು ಮೂಲೆಯ ಕಂಬ. ಆಪಾನ ಮನೆಯಿಂದ ವಯರು ಎಳೆದು, ರಸ್ತೆ ದಾಟಿಸಿ, ಕಂಬಕ್ಕೆ ಒಂದು ಬಲ್ಬು ನೇತುಹಾಕಿದರು.

ಹೇಳಿದ ದಿನ ಹೇಳಿದ ಹೊತ್ತಿಗೆ ಸುಮಿತ್ರಾಬಾಯಿ ಬಂದಳು. ಬೀಗ ತೆಗೆದ ಎಲ್ಲ ಮನೆಗಳಲ್ಲೂ ದೀಪ ಉರಿಯುತ್ತಿತ್ತು, ಒಂದರಲ್ಲಿ ಆಪಾನ ರೇಡಿಯೋ ಹಾಡುತ್ತಿತ್ತು. ಧೊಂಡಿಬಾ ಪ್ರಾಣ ಹೋಗುವವನಂತೆ ಕೆಮ್ಮುತ್ತಿದ್ದ. ಕೌಸಲ್ಯಾಬಾಯಿ ಒಂದು ಬಾಗಿಲಲ್ಲಿ ನಿಂತು ಒಳಗೆ ಕೂಗುವಳು, "ಏ ಶೇವಂತಾ, ಹಾಲು ಉಕ್ಕತದ ನೋಡ." ಒಳಗೆ ಊರು ಬಿಟ್ಟಿದ್ದ ಶೇವಂತಾಬಾಯಿಯೂ ಇರಲಿಲ್ಲ, ಹಾಲೂ ಇರಲಿಲ್ಲ. ಸುಮಿತ್ರಾಬಾಯಿ ಗಲ್ಲಿಯುದ್ದಕ್ಕೂ ನಡೆದಳು. ಮೂಲೆಯ ಬಲ್ಬಿನ ಕೆಳಗೆ ನಿಂತು ಫೋಟೊ ತೆಗೆದಳು. "ಛಲೋ ಅದ್ರಿ ನಿಮ್ಮ ಗಲ್ಲಿ. ಹೆಂಗಸರು ಇಷ್ಟು ನಿರುಂಬಳ ಇರೋ ಗಲ್ಲಿ ಇನ್ನೊಂದು ನೋಡಿಲ್ಲ," ಎಂದು ಹೇಳಿ ಹೋದಳು.

ಗೆದ್ದೆವು ಎಂದುಕೊಂಡು ಕೌಸಲ್ಯಾಬಾಯಿ ಮನೆಗಳಿಗೆಲ್ಲ ಮತ್ತೆ ಬೀಗ ಹಾಕಿ, ವಯರು ಬಿಚ್ಚಲು ಕಂಬದ ಹತ್ತಿರ ಹೋದರೆ, ಅಲ್ಲಿ ಜಿಜಾಬಾಯಿ. ಕಾಲಿನ ಪಟ್ಟಿ ಬಿಚ್ಚಿದ ಮೇಲೆ ಅಂದೇ ಮೊದಲು ಮಿಲ್ಲಿಗೆ ಹೋಗಿದ್ದಳು. ಬಲ್ಬಿನ ಕೆಳಗೆ ಮುಖ ಮೇಲೆತ್ತಿ ನಿಂತಿದ್ದಳು. ಅಲ್ಲಿಂದ ಚರಂಡಿಯ ಅಂಚು ಕಾಣುತ್ತಿತ್ತು, ಬರುವ ಲಾರಿ ಕಾಣುತ್ತಿತ್ತು, ಕಾಲಿಡುವ ಜಾಗ ಕಾಣುತ್ತಿತ್ತು. ಅತ್ತಿಗೆಯನ್ನು ಕಂಡವಳೇ ಎರಡೂ ಕೈಯಲ್ಲಿ ಅವಳ ಮುಖ ಹಿಡಿದು ಅಲ್ಲಾಡಿಸಿದಳು. ಬಂತಲ್ಲ, ಕಡೆಗೂ ಬಂತಲ್ಲ!

ಬಲ್ಬನ್ನು ಹಾಗೇ ಬಿಡಲಾದರೂ ಹೇಗೆ? ವಯರು ರಸ್ತೆಗೆ ಅಡ್ಡ ಜೋತಿತ್ತು, ಯಾವ ಲಾರಿ ಎಳೆದುಕೊಂಡು ಹೋಗುತ್ತದೋ. ಬಲ್ಬು ಬಿಚ್ಚಿದಳು. ಕತ್ತಲಾಯಿತು. ಮನೆಗೆ ಬಂದ ಮೇಲೆ ಲಾಟೀನಿನ ಮುಂದೆ ಕುಳಿತು ಕೈಸನ್ನೆಯಲ್ಲಿ ಎಲ್ಲ ಹೇಳಿದಳು. ಅದು ನಮ್ಮ ದೀಪವಲ್ಲ. ಆ ಹೆಂಗಸು ಕಳ್ಳಿ. ಅವಳಿಗೆ ಮೋಸ ಮಾಡಲು ಹಚ್ಚಿದ್ದು. ಜಿಜಾಬಾಯಿ ಒಂದೇ ಪ್ರಶ್ನೆ ಕೇಳಿದಳು. ತನ್ನ ಕಾಲು ತೋರಿಸಿ, ಅದನ್ನು ಅವಳಿಗೆ ಹೇಳಿದೆಯಲ್ಲ, ಎಂದಳು. ಕೌಸಲ್ಯಾಬಾಯಿ ಹೌದೆಂದು ತಲೆಯಾಡಿಸಿದಳು.

ಹದಿನೈದು ದಿನವಾಯಿತು. ಯಾವ ಬೀಗವೂ ಒಡೆಯಲಿಲ್ಲ. ನನ್ನ ಕಾವಲು ಕಂಡು ಹೆದರಿದರು ಎಂದು ಕೌಸಲ್ಯಾಬಾಯಿ ಬೀಗಿದಳು. ಅಷ್ಟರಲ್ಲಿ ಒಂದು ಆಟೋ ಮೈಕು ಕಟ್ಟಿಕೊಂಡು ಕೂಗುತ್ತ ಬಂತು. ಗಂಜದ ಹತ್ತಿರದ ಸಮುದಾಯ ಭವನದಲ್ಲಿ ನಗರಸಭೆಯವರ ಸಭೆಯಂತೆ, ಯಾವ ಗಲ್ಲಿಗೆ ದೀಪ ಎಂದು ಅಲ್ಲಿ ತೀರ್ಮಾನವಂತೆ. ಕೌಸಲ್ಯಾಬಾಯಿಯ ಕಿವಿ ನಿಮಿರಿತು. ಕಳ್ಳಿಯಾದವಳು ಮೈಕು ಹಿಡಿಯುತ್ತಾಳೆಯೇ? ಇದರಲ್ಲೂ ಏನೋ ಮಸಲತ್ತಿದೆ, ನೋಡಿಯೇ ಬಿಡೋಣ ಎಂದು ಆಪಾನನ್ನೂ, ಮಿಲ್ಲಿಗೆ ರಜೆಯಿದ್ದ ಜಿಜಾಬಾಯಿಯನ್ನೂ ಕಟ್ಟಿಕೊಂಡು ಹೋದಳು.

ಭವನ ತುಂಬಿತ್ತು. ಗೋಡೆಯ ಮೇಲೆ ದೊಡ್ಡದಾಗಿ ಗಲ್ಲಿಗಳ ಚಿತ್ರ ಬೀಳುತ್ತಿತ್ತು. ಮುಂದೆ ನಿಂತವಳು ಅದೇ ಸುಮಿತ್ರಾಬಾಯಿ. ಯಾವ ಯಾವ ಗಲ್ಲಿಯಲ್ಲಿ ಯಾರು ಬಿದ್ದರು, ಯಾವ ಮೂಲೆಯಲ್ಲಿ ಮುದುಕಿಯೊಬ್ಬಳಿಗೆ ಟೆಂಪೋ ಬಡಿಯಿತು, ಎಲ್ಲಿ ಹುಡುಗಿಯರು ಕತ್ತಲೆಗೆ ಹೆದರಿ ಸುತ್ತು ಹಾಕಿಕೊಂಡು ಹೋಗುತ್ತಾರೆ, ಎಲ್ಲ ಹೇಳುತ್ತಿದ್ದಳು. ಕೇಳುತ್ತ ಕೇಳುತ್ತ ಕೌಸಲ್ಯಾಬಾಯಿಗೆ ತಿಳಿಯುತ್ತ ಬಂತು. ಖರೆಯೇ ಆಗಿತ್ತಲ್ಲ! ಈಕೆ ಹೇಳಿದ್ದು ಮೊದಲ ಮಾತಿನಿಂದ ಕಡೆಯ ಮಾತಿನವರೆಗೆ ಖರೆಯೇ ಆಗಿತ್ತಲ್ಲ!

ಗೋಡೆಯ ಮೇಲೆ ಭಟ್ಟಿ ಗಲ್ಲಿಯ ಮೂಲೆ ಮೂಡಿತು. ಕಂಬದಲ್ಲಿ ಬಲ್ಬು ಉರಿಯುತ್ತಿತ್ತು.

"ಇಲ್ಲಿ ಚರಂಡಿ ತೆರೆದದ, ಫುಟ್‌ಪಾತ್ ಇಲ್ಲ," ಎಂದಳು ಸುಮಿತ್ರಾಬಾಯಿ. "ಆದ್ರ ದೀಪ ಅದ, ಮನಿ ಮನಿಗಿ ಜನ ಇದ್ದಾರ, ಯಾರೂ ಬಿದ್ದಿಲ್ಲ ಅಂತ ಅಲ್ಲಿಯವರೇ ಹೇಳ್ಯಾರ. ಹಿಂಗಾಗಿ ಈ ಸಲ ದೀಪ, ಹಾಸುಗಲ್ಲು ಬ್ಯಾರೆ ಮೂರು ಗಲ್ಲಿಗಿ ಹೋಗ್ತಾವ. ಇವತ್ತೇ ಇದು ಪಕ್ಕಾ ಆಗ್ತದ. ಯಾರರ ಏನರ ಹೇಳೋದಿದ್ರ ಇಲ್ಲೇ ಎಲ್ಲಾರ ಮುಂದ ಹೇಳ್ರಿ."

ಎಲ್ಲರ ಮುಂದೆ. ಕೌಸಲ್ಯಾಬಾಯಿ ತಿರುಗಿ ನೋಡಿದಳು. ಬಾಗಿಲಿಗೆ ಒರಗಿ ನಿಂತ ಹುಡುಗರು ಯಾರೋ. ಕಿಟಕಿಯ ಹತ್ತಿರ ಕತ್ತಿಗೆ ಟವೆಲು ಸುತ್ತಿಕೊಂಡವನು ಯಾರೋ. ಅವನ ಪಕ್ಕದವನು ಅವಳನ್ನೇ ನೋಡುತ್ತಿದ್ದಾನೆ, ಯಾಕೆ? ನಮ್ಮ ಗಲ್ಲಿ ಖಾಲಿ ಎಂದು ಇಲ್ಲಿ ಬಾಯಿಬಿಟ್ಟರೆ ಇಡೀ ಊರಿಗೆ ಡಂಗುರ ಸಾರಿದಂತೆ. ಕುಂಕುಮ ಹಚ್ಚಿ ಕೊಟ್ಟ ಕೀಲಿಕೈಗಳು ಸೊಂಟಕ್ಕೆ ಒತ್ತುತ್ತಿದ್ದವು.

"ಹೇಳೇ," ಎಂದು ಆಪಾ ತಿವಿದಳು. "ಕಾಯ್ಕು ಚುಪ್ ಬೈಠಿ? ಈಗ ಹೇಳದಿದ್ರ ಮತ್ತ ಯಾವಾಗ?"

ಕೌಸಲ್ಯಾಬಾಯಿ ಗೊಂಚಲನ್ನು ಇನ್ನಷ್ಟು ಒತ್ತಿ ಹಿಡಿದಳು.

ಬೇರೆ ಮೂರು ಗಲ್ಲಿಗಳ ಚಿತ್ರದ ಮೇಲೆ ಹಳದಿ ದೀಪದ ಗುರುತು ಬಿತ್ತು. ಭಟ್ಟಿ ಗಲ್ಲಿಯ ಮೇಲೆ ಬೀಳಲಿಲ್ಲ. ಚಿತ್ರ ತಿಳಿಯಲು ಕಿವಿ ಬೇಕೇ? ಜಿಜಾಬಾಯಿ ಎದ್ದಳು. ಕುಳಿತವರನ್ನು ದಾಟಿ ಮುಂದೆ ಹೋಗಿ, ಗೋಡೆಯ ಮೇಲಿನ ಆ ಬಲ್ಬಿಗೆ ಅಂಗೈಯಿಂದ ಬಡಿದಳು. ಬಡಿದು ತಿರುಗಿ, ಜನರ ಕಡೆ ಮುಖ ಮಾಡಿ, ಕೈಗಳಲ್ಲಿ ಹೇಳತೊಡಗಿದಳು.

"ಅಕ್ಕಾರ," ಸುಮಿತ್ರಾಬಾಯಿ ಕೌಸಲ್ಯಾಬಾಯಿಯನ್ನು ಗುರುತಿಸಿ ಕೇಳಿದಳು, "ಏನಂತಾರ ಇವರು?"

ಕೌಸಲ್ಯಾಬಾಯಿ ಎದ್ದು ನಿಂತಳು. ಟವೆಲಿನವನು ನೋಡುತ್ತಿದ್ದ. ಬಾಗಿಲ ಹುಡುಗರು ನೋಡುತ್ತಿದ್ದರು.

"ಛಲೋ ಮಾಡೀರಿ ಅಂತಾಳ್ರಿ," ಎಂದಳು.

ಜನ ಚಪ್ಪಾಳೆ ತಟ್ಟಿದರು. ಜಿಜಾಬಾಯಿಯ ಕೈಗಳು ಗಾಳಿಯಲ್ಲೇ ನಿಂತವು. ಚರಂಡಿಗೆ ಬಿದ್ದೆ ಎಂದರೆ ಯಾರಾದರೂ ನಗುತ್ತ ಚಪ್ಪಾಳೆ ತಟ್ಟುತ್ತಾರೆಯೇ? ಒಂದೊಂದೇ ಮುಖ ನೋಡಿದಳು. ಎಲ್ಲರೂ ಸಂತೋಷವಾಗಿದ್ದರು. ಕಡೆಗೆ ಅತ್ತಿಗೆಯ ಮುಖ ನೋಡಿದಳು, ಅಲ್ಲಿ ಎಲ್ಲವೂ ಬರೆದಂತಿತ್ತು.

ಆಮೇಲೆ ಅವಳು ಕೈಯಾಡಿಸಲಿಲ್ಲ. ಸುಮಿತ್ರಾಬಾಯಿಯ ಮುಂಗೈ ಹಿಡಿದು ಎಳೆದಳು. ಮೈಕು ಬಿತ್ತು. ಎಳೆದುಕೊಂಡೇ ಬಾಗಿಲು ದಾಟಿದಳು, ರಸ್ತೆಗೆ ಇಳಿದಳು. ಏನಾಯಿತು ಏನಾಯಿತು ಎಂದು ಭವನದ ಅರ್ಧ ಜನ ಹಿಂದೆ ಬಿದ್ದರು. ಕೌಸಲ್ಯಾಬಾಯಿ ಎಡವುತ್ತ ಮುಗ್ಗರಿಸುತ್ತ ಓಡಿದಳು.

ಹೊತ್ತು ಮುಳುಗಿತ್ತು. ಭಟ್ಟಿ ಗಲ್ಲಿಯಲ್ಲಿ ಒಂದು ಮನೆಯಲ್ಲೂ ದೀಪವಿರಲಿಲ್ಲ. ಜಿಜಾಬಾಯಿ ಗೋರಖನಾಥನ ಬಾಗಿಲಿಗೆ ಹೋಗಿ ಬೀಗ ಎತ್ತಿ ಬಿಟ್ಟಳು, ಅದು ಖಣಲ್ ಎಂದಿತು. ಬಕ್ಕಪ್ಪನ ಬಾಗಿಲು, ಖಣಲ್. ಅದರಾಚೆಯದು, ಖಣಲ್. ಆ ಸದ್ದು ಅವಳಿಗೆ ಕೇಳುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದವರು ಹಿಂದೆ ಬಂದ ಜನ. ಒಂದೊಂದು ಸದ್ದಿಗೂ ಕೌಸಲ್ಯಾಬಾಯಿಯ ಜೀವ ಹೋಗಿ ಬರುತ್ತಿತ್ತು. ನೋಡಿಬಿಟ್ಟರು, ಎಲ್ಲರೂ ನೋಡಿಬಿಟ್ಟರು!

ಮೂಲೆಗೆ ಬಂದಾಗ ಕಂಬ ಕತ್ತಲಲ್ಲಿ ಬೋಳಾಗಿ ನಿಂತಿತ್ತು. ಗಂಜದ ಕಡೆಯಿಂದ ಲಾರಿಯೊಂದು ಹಾರ್ನು ಹೊಡೆಯುತ್ತ ತಿರುಗಿತು. ಜನ ಗೋಡೆಗೆ ಅಂಟಿಕೊಂಡರು. ರಸ್ತೆಗೆ ಬೆನ್ನು ಮಾಡಿದ್ದ ಜಿಜಾಬಾಯಿ ಮಾತ್ರ ಅಲ್ಲಾಡಲಿಲ್ಲ. ಸುಮಿತ್ರಾಬಾಯಿ ಕಿರುಚಿ ಅವಳ ತೋಳು ಹಿಡಿದು ಸೆಳೆದಳು. ಇಬ್ಬರೂ ಚರಂಡಿಯ ಅಂಚಿನಲ್ಲಿ ಮಂಡಿಯೂರಿ ಬಿದ್ದರು. ಲಾರಿ ಮೈಗೆ ಗಾಳಿ ಬಡಿಸಿ ಹೋಯಿತು.

ಸುಮಿತ್ರಾಬಾಯಿ ಎದ್ದಳು. ಜಿಜಾಬಾಯಿ ಮೊಣಕಾಲ ಕೆಳಗಿನ ಹೊಲಿಗೆಯ ಗುರುತು ತೋರಿಸಿ, ಯಾರೋ ಹಿಡಿದ ಮೊಬೈಲಿನ ಬೆಳಕಿನಲ್ಲಿ ಮತ್ತೆ ಮೊದಲಿನಿಂದ ಹೇಳಿದಳು. ಎರಡು ಮುಷ್ಟಿ, ಉಬ್ಬಿದ ಕೆನ್ನೆ, ಹೆಗಲಿಗೆ ಗುದ್ದು, ಕಣ್ಣ ಮೇಲೆ ಅಂಗೈ.

"ಇದು ರೊಟ್ಟಿ ಬಡಿಯೋದಲ್ಲ, ಹೌದಿಲ್ರಿ ಅಕ್ಕಾರ?" ಎಂದಳು ಸುಮಿತ್ರಾಬಾಯಿ ಮೆಲ್ಲಗೆ.

ಜಿಜಾಬಾಯಿ ಇನ್ನೂ ನಿಲ್ಲಿಸಿರಲಿಲ್ಲ. ಗಾಳಿಯಲ್ಲಿ ಮುಷ್ಟಿ ತಿರುವಿ ಗಲ್ಲಿಯುದ್ದಕ್ಕೂ ತೋರಿಸಿದಳು. ಆಮೇಲೆ ಮೂಗು ಮುಟ್ಟಿದಳು, ನಾಲಗೆ ಮುಟ್ಟಿದಳು, ಬೆರಳು ಕೊಡವಿದಳು.

ಇದನ್ನು ಏನು ಬೇಕಾದರೂ ಮಾಡಬಹುದಿತ್ತು. ಬಾಯಾರಿಕೆ ಎನ್ನಬಹುದಿತ್ತು, ನೀರು ಬೇಕಂತೆ ಎನ್ನಬಹುದಿತ್ತು. ಟವೆಲಿನವನು ಅಲ್ಲೇ ಇದ್ದ. ಅವನು ಯಾರೆಂದು ಕೌಸಲ್ಯಾಬಾಯಿಗೆ ಆಗಲೂ ಗೊತ್ತಿರಲಿಲ್ಲ. ಹಾಳಾಗಿ ಹೋಗಲಿ ಎಂದುಕೊಂಡಳು.

"ಲಾರಿ ಬಡದದ ಅಂತಾಳ್ರಿ," ಎಂದಳು. "ಕತ್ತಲ್ಯಾಗ ಈ ಚರಂಡ್ಯಾಗೇ ಬಿದ್ದಾಳ. ಆ ಕಂಬದಾಗ ದೀಪ ಇಲ್ರಿ, ಅವತ್ತ ನೀವು ನೋಡಿದ್ದು ನಾವು ಕಟ್ಟಿದ್ದು. ಮನ್ಯಾಗ ಯಾರೂ ಇಲ್ಲ ಅಂತಾಳ. ಎಲ್ಲಾ ಪುಣೆ, ಹೈದ್ರಾಬಾದಕ್ಕ ಹೋಗ್ಯಾರ, ಎಲ್ಲಾ ಖಾಲಿ. ನಮ್ಮ ವೈನಿ ನಿಮಗ ಸುಳ್ಳ ಹೇಳ್ಯಾಳ ಅಂತಾಳ್ರಿ. ವೈನಿ ಅಂದ್ರ ನಾನೇ."

ಸುಮಿತ್ರಾಬಾಯಿ ಮೊಬೈಲು ತೆಗೆದು, ಕಂಬದ ಫೋಟೊ ತೆಗೆದಳು, ಚರಂಡಿಯದು ತೆಗೆದಳು. "ಇವತ್ತ ಪಕ್ಕಾ ಮಾಡೋದಿಲ್ರಿ," ಎಂದು ಜನರಿಗೆ ಹೇಳಿದಳು. "ಮೊದಲ ಇದನ್ನ ತಿದ್ದಬೇಕು."

ಕೌಸಲ್ಯಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ನಾದಿನಿಯ ಎದುರು ನಿಂತಳು. ಕೈಯಾಡಿಸಿ ಹೇಳಿದಳು, ಎಲ್ಲ ಹೇಳಿದೆ, ಒಂದನ್ನೂ ಬಿಡಲಿಲ್ಲ, ನನ್ನ ಸುಳ್ಳನ್ನೂ ಹೇಳಿದೆ.

ಜಿಜಾಬಾಯಿ ಆ ಕೈಗಳನ್ನು ಕಡೆಯವರೆಗೂ ನೋಡಿದಳು. ಆಮೇಲೆ ಸುಮಿತ್ರಾಬಾಯಿಯ ಕಡೆ ತಿರುಗಿ, ಅತ್ತಿಗೆಯತ್ತ ಬೆರಳು ತೋರಿಸಿ, ಹುಬ್ಬು ಮೇಲೆತ್ತಿ ಕೇಳಿದಳು, ಹೇಳಿದಳಾ ಎಂದು. ಆ ಸನ್ನೆ ಅಲ್ಲಿದ್ದವರೆಲ್ಲರಿಗೂ ತಿಳಿಯಿತು. ಸುಮಿತ್ರಾಬಾಯಿ ಹೌದೆಂದು ತಲೆಯಾಡಿಸುವವರೆಗೆ ಜಿಜಾಬಾಯಿ ಆಕೆಯ ಮುಖದಿಂದ ಕಣ್ಣು ತೆಗೆಯಲಿಲ್ಲ.